ಯಮಾಹಾ ಪಿ-45: ಇಪ್ಪತ್ತನೇ ಶತಮಾನದ ಪಿಯಾನೋ ಕೃತಿಗಳಿಗೆ ಸಾಕೇ?

ಬಳ್ಳಾರಿಯಲ್ಲಿ ಪಾಶ್ಚಾತ್ಯ ಸಂಗೀತ ಕಲಿಯುವವರಿಗೆ ತಂತಿಯ ಪಿಯಾನೋ ಸಿಗುವುದು ತೀರಾ ಕಷ್ಟ. ಹೀಗಾಗಿ ಡಿಜಿಟಲ್ ಪಿಯಾನೋವೇ ಆಸರೆ. ಯಮಾಹಾ ಕಂಪನಿಯ 88 ಕೀಗಳ ಪಿ-45 ಅಂಥದ್ದೊಂದು. 2023ರಲ್ಲಿ ಅದೇ ಕಂಪನಿಯ ಪಿ-145 ಬಂದ ಮೇಲೆ ಪಿ-45 ಹಳೆಯ ಮಾದರಿಯಾಗಿದೆ. ಕಡಿಮೆ ಬೆಲೆಗೆ ಸಿಕ್ಕರೆ ತೆಗೆದುಕೊಳ್ಳಬಹುದು, ಆದರೆ ನೀವು ನುಡಿಸಬೇಕೆಂದಿರುವ ಕೃತಿ ಯಾವುದು ಎಂದು ಮೊದಲು ನೋಡಿಕೊಳ್ಳಿ. ಕೀಗಳ ಮೇಲೆ ನಡೆಯುವ ಹೊಸ ಸಂಗೀತಕ್ಕೆ ಇದು ಚೆನ್ನಾಗಿಯೇ ಒದಗುತ್ತದೆ. ತಂತಿಯನ್ನೇ ನಂಬಿ ಬರೆದ ಸಂಗೀತಕ್ಕೆ ಒದಗುವುದಿಲ್ಲ.

61 ಕೀಗಳ ಕೀಬೋರ್ಡ್ ಸಾಲದೇ ಎಂದು ಕೇಳುವವರು ಸಂಯೋಜಕ ಲಿಗೆಟಿಯ ‘ಮ್ಯೂಸಿಕಾ ರಿಚೆರ್ಕಾಟಾ’ (1951–53) ನೋಡಬೇಕು. ಹನ್ನೊಂದು ತುಣುಕುಗಳಲ್ಲಿ ಮೊದಲನೆಯದು ಬಹುತೇಕ ‘ಎ’ ಸ್ವರ ಒಂದರಲ್ಲೇ ನಡೆದು, ಕೊನೆಗೆ ‘ಡಿ’ಗೆ ಬಂದು ನಿಲ್ಲುತ್ತದೆ. ರಾಗವಿಲ್ಲ, ಇರುವುದು ಸ್ಥಾಯಿ, ಲಯ, ಒತ್ತು ಮಾತ್ರ. 61 ಕೀಗಳಲ್ಲಿ ‘ಎ’ ಸಿಗುವುದು 5 ಕಡೆ, 88ರಲ್ಲಿ 8 ಕಡೆ. ಎರಡನೇ ತುಣುಕಿನಲ್ಲಿ ಒಂದೇ ಕೀಯನ್ನು ವೇಗ ಹೆಚ್ಚಿಸುತ್ತಾ ಬಡಿಯಬೇಕು. ಪಿ-45ರ ಕಷ್ಟ ಗೊತ್ತಾಗುವುದು ಅಲ್ಲಿ. ಪ್ರತಿ ಕೀಯ ಕೆಳಗೆ ಎರಡೇ ಸೆನ್ಸರ್, ಕೀ ಸಾಕಷ್ಟು ಮೇಲೆ ಬರದೆ ಮರುಪೆಟ್ಟು ದಾಖಲಾಗುವುದಿಲ್ಲ. ಒಂದೇ ಬೆರಳಲ್ಲಿ ಹೊಡೆದರೆ ನಡುವೆ ಸ್ವರ ತಪ್ಪುತ್ತದೆ. 3-2-1 (ನಡುಬೆರಳು, ತೋರುಬೆರಳು, ಹೆಬ್ಬೆರಳು) ಎಂದು ಬೆರಳು ಬದಲಿಸಿ, ಕೀಯ ನಿಮ್ಮ ಕಡೆಯ ತುದಿಯಲ್ಲಿ ನುಡಿಸಿ.

ನಮ್ಮ ಕಡೆ ಬಯಲಾಟ, ನಾಟಕದ ಹಾರ್ಮೋನಿಯಂನಿಂದ ಇತ್ತ ಬರುವವರಿಗೆ ಇನ್ನೊಂದು ಮಾತು. ಹಾರ್ಮೋನಿಯಂನಲ್ಲಿ ಸದ್ದಿನ ಏರಿಳಿತ ತಿದಿ ಒತ್ತುವ ಕೈಯಲ್ಲಿದೆ, ಇಲ್ಲಿ ಬೆರಳಲ್ಲಿದೆ. ಸಂಯೋಜಕ ಮೆಸ್ಸಿಯಾನ್ 1949ರಲ್ಲಿ ಬರೆದ ಒಂದು ಕೃತಿಯಲ್ಲಿ 36 ಸ್ವರ, 24 ಕಾಲಪ್ರಮಾಣ, 12 ಬಗೆಯ ಪೆಟ್ಟು, 7 ಹಂತದ ಸದ್ದು ಇವೆ. ಆ 7 ಹಂತಗಳು 6 ವ್ಯಾಟಿನ ಪುಟ್ಟ ಸ್ಪೀಕರ್‌ಗಳಲ್ಲಿ ನಾಲ್ಕೋ ಐದೋ ಆಗಿ ಕೇಳಿಸುತ್ತವೆ. ಒಳ್ಳೆಯ ಹೆಡ್‌ಫೋನ್ ಹಾಕಿದರೆ ಬಿಡಿಬಿಡಿಯಾಗುತ್ತವೆ.

ಈ ವಾದ್ಯದ ನಿಜವಾದ ಲಾಭ ಡ್ಯುಯೊ ಮೋಡ್. 88 ಕೀಗಳು ಎರಡು ಪಾಲಾಗಿ, ಇಬ್ಬರಿಗೂ ಒಂದೇ ಸ್ಥಾಯಿಯ ಸ್ವರಗಳು ಸಿಗುತ್ತವೆ. ಸ್ಟೀವ್ ರೈಶ್‌ನ ‘ಪಿಯಾನೋ ಫೇಸ್’ (1967) ಎರಡು ಪಿಯಾನೋ ಕೇಳುತ್ತದೆ, ಅಭ್ಯಾಸಕ್ಕೆ ಇದೊಂದೇ ಸಾಕು. ಮೊದಲ ಭಾಗದಲ್ಲಿ 12 ಸ್ವರಗಳ ಒಂದು ಆವರ್ತ, ಅದರಲ್ಲಿ ಬೇರೆ ಬೇರೆ ಸ್ವರ ಐದೇ. ಇಬ್ಬರೂ ಕೂಡಿ ನುಡಿಸುತ್ತಿರುವಾಗ ಒಬ್ಬರು ಕೂದಲೆಳೆಯಷ್ಟು ವೇಗ ಹೆಚ್ಚಿಸಿ ಒಂದು ಸ್ವರ ಮುಂದೆ ಹೋಗಬೇಕು, ಅಲ್ಲಿ ನಿಂತು ಮತ್ತೆ ಸರಿಯಬೇಕು. ಹೀಗೆ 12 ಸಲ ಸರಿದರೆ ಮತ್ತೆ ಇಬ್ಬರೂ ಒಂದಾಗುತ್ತಾರೆ. ತಾಳ ಬಲ್ಲವರೇ ಇಲ್ಲಿ ಎಡವುತ್ತಾರೆ, ಏಕೆಂದರೆ ಇದು ದುಗುಣ, ತಿಗುಣದ ಲೆಕ್ಕವಲ್ಲ. ಎರಡು ಲಯಗಳ ನಡುವಿನ ಜಾರುವಿಕೆ. ಹೆಚ್ಚಾಗಿ ಕೆಡುವುದು ಎರಡು ಕಡೆ: ಸರಿಯುವವರು ಜಾರದೆ ಜಿಗಿಯುತ್ತಾರೆ, ಸ್ಥಿರವಾಗಿರಬೇಕಾದವರು ಅವರ ಹಿಂದೆಯೇ ಓಡುತ್ತಾರೆ. ಸ್ಥಿರವಾಗಿ ನುಡಿಸುವವರು ಮೊಬೈಲಿನಲ್ಲಿ ಲಯ ಬಡಿಯುವ ಮೆಟ್ರೊನೋಮನ್ನು ಒಂದು ಕಿವಿಗೆ ಹಾಕಿಕೊಳ್ಳಲಿ. ಪಿ-45ರ ಮೆಟ್ರೊನೋಮ್ ಇಬ್ಬರಿಗೂ ಕೇಳುವುದರಿಂದ ಕೆಲಸ ಕೆಡಿಸುತ್ತದೆ. ಕೀಗಳ ಭಾರ ಎಡಗಡೆ ಹೆಚ್ಚು, ಬಲಗಡೆ ಕಡಿಮೆ. ಆದ್ದರಿಂದ ಸರಿಯುವವರು ಬಲಕ್ಕೆ ಕೂರುವುದು ಮೇಲು.

ಊರಿನಲ್ಲಿ ಇಬ್ಬರ ಬಳಿ ಪಿ-45 ಇದ್ದರೆ ಚಾರ್ಲ್ಸ್ ಐವ್ಸ್‌ನ ಕಾಲು ಸ್ವರದ ಮೂರು ಕೃತಿಗಳನ್ನೂ (1923–24) ಹಿಡಿಯಬಹುದು. ಅವುಗಳಿಗೆ ಪಕ್ಕದ ಎರಡು ಕೀಗಳ ಅಂತರದ ಅರ್ಧದಷ್ಟು ವ್ಯತ್ಯಾಸದ ಶ್ರುತಿಯಲ್ಲಿರುವ ಎರಡು ಪಿಯಾನೋ ಬೇಕು. ತಂತಿಯ ಪಿಯಾನೋದಲ್ಲಿ ಇದು ದೊಡ್ಡ ಖರ್ಚಿನ ಕೆಲಸ. ಪಿ-45ರ ಶ್ರುತಿ 414.8ರಿಂದ 466.8 ಹರ್ಟ್ಸ್ ತನಕ ಹೊಂದುತ್ತದೆ. ಒಂದನ್ನು 440ರಲ್ಲಿ ಬಿಟ್ಟು ಇನ್ನೊಂದನ್ನು 452.9ಕ್ಕೆ ಏರಿಸಿ. ಟ್ಯೂನರ್ ಆ್ಯಪ್ ಇಟ್ಟುಕೊಂಡು, ಆನ್ ಮಾಡಿದಾಗಲೆಲ್ಲ ಮಧ್ಯದ ‘ಎ’ ನೋಡಿಕೊಳ್ಳಿ.

ಇನ್ನು ಆಗದ ಕೆಲಸ. ಶೋನ್‌ಬರ್ಗ್‌ನ 11ನೇ ಓಪಸ್‌ನ, ಅಂದರೆ 11ನೇ ಕೃತಿಸಂಖ್ಯೆಯ (1909) ಮೊದಲ ಕೃತಿಯಲ್ಲಿ ಒಂದು ಕೈ ಸದ್ದಿಲ್ಲದೆ ಕೀಗಳನ್ನು ಒತ್ತಿ ಹಿಡಿದಿರುತ್ತದೆ. ಇನ್ನೊಂದು ಕೈ ಬೇರೆ ಸ್ವರ ಹೊಡೆದಾಗ, ಬಿಡುಗಡೆಯಾದ ತಂತಿಗಳು ತಾವಾಗಿ ಮಿಡಿಯುತ್ತವೆ. ತಂಬೂರಿಯ ಪಕ್ಕ ಕೂತು ಹಾಡಿದರೆ ತಂತಿ ಓಗೊಡುವುದಿಲ್ಲವೇ, ಹಾಗೆ. ಪಿ-45ರಲ್ಲಿ ಒತ್ತಿ ಹಿಡಿದ ಕೀ ಮೂಕ. ಇಲ್ಲಿರುವುದು ಧ್ವನಿಮುದ್ರಿಕೆ, ಒಂದು ಸ್ವರಕ್ಕೆ ಇನ್ನೊಂದರ ಪರಿವೆ ಇಲ್ಲ. ಹೆನ್ರಿ ಕೋವೆಲ್‌ನ ‘ದಿ ಬಾನ್‌ಶೀ’ (1925) ಪೂರ್ತಿ ಪಿಯಾನೋದ ಹೊಟ್ಟೆಯೊಳಗೆ ತಂತಿಗಳನ್ನು ಸವರಿ ನುಡಿಸುವಂಥದ್ದು. ಜಾನ್ ಕೇಜ್‌ನ ‘ಸೊನಾಟಾಸ್ ಆ್ಯಂಡ್ ಇಂಟರ್‌ಲೂಡ್ಸ್’ (1946–48) 45 ಸ್ವರಗಳ ತಂತಿಗಳ ನಡುವೆ ಸ್ಕ್ರೂ, ಬೋಲ್ಟು, ರಬ್ಬರು ಸಿಗಿಸಲು ಹೇಳುತ್ತದೆ. ಇವೆರಡನ್ನೂ ಇಲ್ಲಿ ಮರೆಯಬೇಕು. ಯುಎಸ್‌ಬಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಹೀಗೆ ವಸ್ತು ಸಿಗಿಸಿದ (ಪ್ರಿಪೇರ್ಡ್) ಪಿಯಾನೋ ಸದ್ದಿನ ಸಾಫ್ಟ್‌ವೇರ್ ಬಳಸಬಹುದು. ಆದರೆ ಆ ಕೇಬಲ್‌ನಲ್ಲಿ ಹೋಗುವುದು ಮಿಡಿ (MIDI), ಅಂದರೆ ಯಾವ ಕೀ, ಎಷ್ಟು ಜೋರು ಎಂಬ ಸೂಚನೆ ಮಾತ್ರ, ಸದ್ದನ್ನು ಲ್ಯಾಪ್‌ಟಾಪಿನಿಂದಲೇ ತೆಗೆಯಬೇಕು.

ಆರ್ವೋ ಪಾರ್ಟ್‌ನ ‘ಫ್ಯುರ್ ಅಲಿನಾ’ (1976) ಬೆರಳಿಗೆ ಸುಲಭ, ವಾದ್ಯಕ್ಕೆ ಕಠಿಣ. ಬಲಗೈ ರಾಗಕ್ಕೆ ಎಡಗೈ ಬಿ ಮೈನರ್ ಸ್ವರಮೇಳದ (ಬಿ, ಡಿ, ಎಫ್ ಶಾರ್ಪ್) ಮೂರೇ ಸ್ವರಗಳಿಂದ ಜೊತೆ ಕೊಡುತ್ತದೆ. ಪೆಡಲ್ ಒತ್ತಿದ್ದು ಬಹುತೇಕ ಒತ್ತಿದ ಹಾಗೇ. ನೆಲ ಹಿಡಿಯುವ ಮಂದ್ರ ಇಲ್ಲಿ ಬೇಗ ಬಡವಾಗುತ್ತದೆ. ರಿವರ್ಬ್ (ಮಾರ್ದನಿ) ಸ್ವಲ್ಪ ಏರಿಸಿದರೆ ಪರವಾಗಿಲ್ಲ. ಜೊತೆಗೆ ಬರುವ ಪೆಡಲ್ ಬರೀ ಸ್ವಿಚ್ಚು, ಜಾರುತ್ತದೆ, ಕೆಳಗೆ ರಬ್ಬರ್ ಮ್ಯಾಟ್ ಹಾಕಿ. ಮೊಳಕೈಯಿಂದ ಒತ್ತುವ ಸ್ವರಗುಚ್ಛಗಳಲ್ಲಿ ಪಾಲಿಫೋನಿ, ಅಂದರೆ ಒಟ್ಟಿಗೆ ಮೊಳಗಬಲ್ಲ ಸ್ವರಗಳ ಮಿತಿ, 64 ಎಂಬುದು ನೆನಪಿರಲಿ: ಎರಡು ಸ್ಥಾಯಿಯ 25 ಕೀ, ಪೆಡಲ್ ಹಿಡಿದು ಮೂರು ಬೇರೆ ಜಾಗದಲ್ಲಿ ಒತ್ತಿದರೆ 75. ಮೊದಲಿನವು ಕತ್ತರಿಸಿದಂತೆ ನಿಲ್ಲುತ್ತವೆ.

ಸಭಾಂಗಣದಲ್ಲಿ ನುಡಿಸುವುದಾದರೆ, ಸದ್ದನ್ನು ಹೊರಕ್ಕೆ ಕೊಡುವ ಪ್ರತ್ಯೇಕ ಜಾಕ್ (ಲೈನ್ ಔಟ್) ಇಲ್ಲ. ಹೆಡ್‌ಫೋನ್ ಜಾಕಿನಿಂದಲೇ ಮಿಕ್ಸರ್‌ಗೆ ಕೊಡಬೇಕು. ಜಾಕ್ ಹಾಕಿದ ಕೂಡಲೇ ಸ್ಪೀಕರ್ ಬಂದ್ ಆಗುವುದರಿಂದ ನಿಮ್ಮ ಕಡೆಗೆ ತಿರುಗಿಸಿದ ಸ್ಪೀಕರ್ (ಮಾನಿಟರ್) ಕೇಳಿ ಪಡೆಯಿರಿ. ಅರ್ಧ ಗಂಟೆ ಮುಟ್ಟದಿದ್ದರೆ ವಾದ್ಯ ತಾನೇ ಆಫ್ ಆಗುತ್ತದೆ. ತೀರಾ ಎಡದ ಕೀ ಒತ್ತಿಕೊಂಡು ಆನ್ ಮಾಡಿದರೆ ಆ ಕಾಟ ತಪ್ಪುತ್ತದೆ.

ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು ಈ ಬಗೆಯ ಯಾವ ವಾದ್ಯಕ್ಕೂ ಶತ್ರು. ಕೀಯ ವೇಗ ಅಳೆಯುವುದು ಎರಡು ರಬ್ಬರ್ ಕಾಂಟ್ಯಾಕ್ಟ್‌ಗಳ ನಡುವಿನ ಸಮಯದಿಂದ. ಅವುಗಳ ಮೇಲೆ ಧೂಳು ಕೂತರೆ ಒಂದು ಸ್ವರ ಮಾತ್ರ ಕಿರುಚುತ್ತದೆ, ಇಲ್ಲವೇ ಹೊರಡುವುದೇ ಇಲ್ಲ. ಬಿಚ್ಚಿ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹಾಡು ನುಡಿಸಿ ನೋಡಬೇಡಿ. ಎಡದಿಂದ ಬಲಕ್ಕೆ 88 ಕೀಗಳನ್ನೂ ಒಂದೊಂದಾಗಿ, ಆದಷ್ಟು ಮೆಲ್ಲಗೆ ಒತ್ತಿ. ಧೂಳು ಹೊಕ್ಕ ಕೀ ಜೋರು ನುಡಿಕೆಯಲ್ಲಿ ಅಡಗಿಕೊಳ್ಳುತ್ತದೆ, ಮೆಲ್ಲಗೆ ಒತ್ತಿದಾಗ ಸಿಕ್ಕಿಬೀಳುತ್ತದೆ.