ಏಲಿಯನ್: ಐಸೊಲೇಷನ್ – ಏಳು ವರ್ಷ ಆಡಿದ ಮೇಲೂ ತಗ್ಗದ ಭಯ

2014ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ‘ಏಲಿಯನ್: ಐಸೊಲೇಷನ್’ ಆಟವನ್ನು ರಾಯಚೂರಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಏಳು ವರ್ಷಗಳಿಂದ ಆಡುತ್ತಿದ್ದೇನೆ, ನಾಲ್ಕು ಸಲ ಕೊನೆ ಮುಟ್ಟಿಸಿದ್ದೇನೆ. ನಾನು ಆಡಿದ ಬೇರೆ ಭಯಾನಕ ಆಟಗಳು ಎರಡನೆಯ ಸಲಕ್ಕೇ ಸಪ್ಪೆಯಾದವು, ಏಕೆಂದರೆ ಯಾವ ಬಾಗಿಲ ಹಿಂದಿನಿಂದ ಏನು ಎರಗುತ್ತದೆ ಎಂಬುದು ಅಷ್ಟರಲ್ಲಿ ಬಾಯಿಪಾಠವಾಗಿತ್ತು. ಈ ಆಟದಲ್ಲಿ ಆ ಬಾಯಿಪಾಠ ಕೆಲಸಕ್ಕೆ ಬರುವುದಿಲ್ಲ.

ಕಥೆ ನಡೆಯುವುದು 2137ರಲ್ಲಿ. ಹದಿನೈದು ವರ್ಷಗಳ ಹಿಂದೆ ಕಾಣೆಯಾದ ತಾಯಿಯ ಸುಳಿವು ಹುಡುಕಿಕೊಂಡು ಅಮಾಂಡ ರಿಪ್ಲಿ ಸೆವಾಸ್ಟೊಪೋಲ್ ಎಂಬ ಬಾಹ್ಯಾಕಾಶ ನಿಲ್ದಾಣಕ್ಕೆ ಬರುತ್ತಾಳೆ. ಅಲ್ಲಿ ಗುಂಡಿಗೆ ಸಾಯದ ಪ್ರಾಣಿಯೊಂದು ಓಡಾಡುತ್ತಿದೆ. ಅದನ್ನು ನಡೆಸುವ ವ್ಯವಸ್ಥೆ ಎರಡು ಹಂತದ್ದು. ಆಟಗಾರ ಎಲ್ಲಿದ್ದಾನೆ ಎಂಬುದು ಮೇಲಿನ ಹಂತಕ್ಕೆ ಸದಾ ಗೊತ್ತಿರುತ್ತದೆಯಾದರೂ ಅದು ಪ್ರಾಣಿಗೆ ಸುಮಾರು ದಿಕ್ಕನ್ನಷ್ಟೇ ತಿಳಿಸುತ್ತದೆ. ಅಲ್ಲಿಂದ ಮುಂದೆ ಪ್ರಾಣಿ ತನ್ನ ಕಣ್ಣು ಕಿವಿಗಳನ್ನೇ ನಂಬಿ ಹುಡುಕಬೇಕು. ಆಟಗಾರನ ಮೇಲೆ ಒತ್ತಡ ಮಿತಿಮೀರಿದಾಗ ಪ್ರಾಣಿಯನ್ನು ಸ್ವಲ್ಪ ಹೊತ್ತು ದೂರ ಕಳಿಸುವುದೂ ಮೇಲಿನ ಹಂತದ ಕೆಲಸವೇ. ಆದ್ದರಿಂದ ನಿನ್ನೆ ಸುರಕ್ಷಿತವಾಗಿದ್ದ ಕೋಣೆ ಇಂದು ಹಾಗಿರುವುದಿಲ್ಲ.

ಈ ಆಟದ ಭಯ ಕಣ್ಣಿಗಿಂತ ಕಿವಿಯದು. ಕೈಯಲ್ಲಿರುವ ಮೋಷನ್ ಟ್ರ್ಯಾಕರ್ ಪ್ರಾಣಿಯ ದೂರವನ್ನು ತೋರಿಸುತ್ತದೆಯೇ ಹೊರತು, ಅದು ನೆಲದ ಮೇಲಿದೆಯೋ ಚಾವಣಿಯ ಗಾಳಿ ಕೊಳವೆಯಲ್ಲಿದೆಯೋ ಎಂಬುದನ್ನು ಹೇಳುವುದಿಲ್ಲ. ಅದನ್ನು ಹೆಜ್ಜೆಯ ಭಾರದಿಂದ, ತಗಡಿನ ಸಪ್ಪಳದಿಂದ ನಾವೇ ಅರಿತುಕೊಳ್ಳಬೇಕು. ಕೂಲರ್ ಸದ್ದಿನಲ್ಲಿ ಇದು ಆಗದ ಮಾತು. ಹಾಗಾಗಿ ನಮ್ಮೂರಿನ ಮೇ ತಿಂಗಳಲ್ಲೂ ಕೂಲರ್ ಆರಿಸಿ, ಬೆವರು ಒರೆಸಿಕೊಳ್ಳುತ್ತಲೇ ಆಡಿದ್ದೇನೆ. ಕಾಲೇಜಿನಲ್ಲಿ ಓದುವ ಅಕ್ಕನ ಮಗ ಒಮ್ಮೆ ಪಕ್ಕದಲ್ಲಿ ಕುಳಿತಿದ್ದ. ಕೊಳವೆಯ ಬಾಯಿಂದ ಜೊಲ್ಲು ತೊಟ್ಟಿಕ್ಕುವುದನ್ನು ನನಗಿಂತ ಮೊದಲು ಕಂಡವನು ಅವನೇ. “ಮಾಮಾ, ಮ್ಯಾಲೆ ಅದ ಅದು, ಅಲ್ಲಾಡಬ್ಯಾಡ” ಎಂದು ಪಿಸುಗುಟ್ಟಿದ. ಆ ಕೊಳವೆಯ ಕೆಳಗೆ ಹೆಜ್ಜೆಯಿಟ್ಟಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾದದ್ದು ಎರಡನೆಯ ಸಲ ಆಡುವಾಗ, ಆಸ್ಪತ್ರೆ ವಿಭಾಗದಲ್ಲಿ. ಬೀರುವಿನೊಳಗೆ ಅಡಗಿ ಉಸಿರು ಬಿಗಿಹಿಡಿದಿದ್ದೆ. ಪ್ರಾಣಿ ಜಾಲರಿಯ ಆಚೆಯೇ ನಿಂತಿತ್ತು. ಟ್ರ್ಯಾಕರನ್ನು ಕೆಳಗಿಳಿಸಿದ್ದರೂ ಬೀಪ್ ಸದ್ದು ನಿಲ್ಲಲಿಲ್ಲ. ಒಂದು ಬೀಪ್, ಸ್ವಲ್ಪ ಬಿಡುವು, ಮತ್ತೊಂದು ಬೀಪ್. ಇದರಿಂದಲೇ ಸಿಕ್ಕಿಬೀಳುತ್ತೇನೆಂದು ಕೈ ತಣ್ಣಗಾಯಿತು. ಹೆಡ್‌ಫೋನ್ ತೆಗೆದ ಮೇಲೆ ಗೊತ್ತಾಯಿತು, ಅದು ಮೇಜಿನ ಕೆಳಗಿದ್ದ ಯುಪಿಎಸ್‌ನ ಸದ್ದು. ದೀಪವನ್ನೂ ಕೂಲರನ್ನೂ ಮೊದಲೇ ಆರಿಸಿದ್ದರಿಂದ ಕರೆಂಟ್ ಹೋದದ್ದೇ ತಿಳಿದಿರಲಿಲ್ಲ.

ಆಡಿದಷ್ಟನ್ನು ಉಳಿಸಿಕೊಳ್ಳುವುದಕ್ಕೂ (ಸೇವ್ ಮಾಡುವುದಕ್ಕೂ) ಇಲ್ಲಿ ಧೈರ್ಯ ಬೇಕು. ಗೋಡೆಯ ಯಂತ್ರಕ್ಕೆ ಕಾರ್ಡ್ ಸಿಕ್ಕಿಸಿ, ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುವವರೆಗೆ ನಿಂತೇ ಇರಬೇಕು. ಆ ಹೊತ್ತಿನಲ್ಲಿ ಪ್ರಾಣಿ ಬಂದರೆ ಹಿಂದಿನ ಅರ್ಧ ಗಂಟೆಯ ಶ್ರಮವೆಲ್ಲ ಹೋಗುತ್ತದೆ. ಇದನ್ನು ಕೊರತೆ ಎನ್ನುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಆಟದ ಜೀವ ಇರುವುದೇ ಇಲ್ಲಿ, ಏಕೆಂದರೆ ಭಯಕ್ಕೆ ಬಿಡುವು ಸಿಕ್ಕರೆ ಅದು ಮತ್ತೆ ಮೊದಲಿನಿಂದ ಬೆಳೆಯಬೇಕಾಗುತ್ತದೆ.

ಕೊರತೆ ಎನ್ನಬಹುದಾದದ್ದು ಉದ್ದ. ಬೆಂಕಿ ಉಗುಳುವ ಆಯುಧ ಕೈಗೆ ಬಂದ ಮೇಲೆ ಹೆದರಿಕೆ ಒಂದಿಷ್ಟು ಇಳಿಯುತ್ತದೆ. ಕೊನೆಯ ಭಾಗದ ಓಡಾಟವನ್ನು ಕಡಿಮೆ ಮಾಡಬಹುದಿತ್ತು. ಮೆತ್ತಗೆ ಮಾತನಾಡುತ್ತಲೇ ಕುತ್ತಿಗೆ ಹಿಸುಕುವ ‘ವರ್ಕಿಂಗ್ ಜೋ’ ಯಂತ್ರಮಾನವರು ಮಾತ್ರ ಕೊನೆಯವರೆಗೂ ಮೈ ಜುಮ್ಮೆನಿಸುತ್ತಾರೆ.

ಕೊಳ್ಳುವವರು ಒಳ್ಳೆಯ ಹೆಡ್‌ಫೋನ್ ಇಟ್ಟುಕೊಂಡು, ರಾತ್ರಿ ಹತ್ತರ ನಂತರ ಆಡಬೇಕು. ನಾನು ಯುಗಾದಿಯಿಂದ ‘ನೈಟ್‌ಮೇರ್’ ಮಟ್ಟದಲ್ಲಿ ಐದನೆಯ ಸಲ ಆರಂಭಿಸಿದ್ದೇನೆ. ಅಲ್ಲಿ ಟ್ರ್ಯಾಕರ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಸ್ಪತ್ರೆ ವಿಭಾಗವನ್ನು ಇನ್ನೂ ದಾಟಿಲ್ಲ.