ಗ್ಯಾಲಪ್ ಕ್ಯೂ12 ಸರ್ವೇನಾ, ಯುಟ್ರೆಕ್ಟ್ ಸ್ಕೇಲಾ?

ಟೀಮಲ್ಲಿ ಎಂಗೇಜ್‌ಮೆಂಟ್ ಸರ್ವೇ (ಜನ ಕೆಲಸದಲ್ಲಿ ಎಷ್ಟು ಮನಸ್ಸಿಟ್ಟು ತೊಡಗಿದಾರೆ ಅಂತ ನೋಡೋದು) ಮಾಡ್ಬೇಕು ಅಂತಿದ್ರೆ ಮೊದ್ಲು ಏನ್ ತಿಳ್ಕೋಬೇಕು ಅನ್ನೋದನ್ನ ಫಿಕ್ಸ್ ಮಾಡ್ಕೊಳ್ಳಿ. ಕ್ಯೂ12 ಅಮೆರಿಕದ ಸರ್ವೇ ಕಂಪನಿ ಗ್ಯಾಲಪ್‌ದು, 12 ಪ್ರಶ್ನೆ, ಹೆಚ್ಚಾಗಿ ಆಫೀಸ್ ವಾತಾವರಣದ ಬಗ್ಗೆನೇ, ಕೆಲಸಕ್ಕೆ ಬೇಕಾದ ಸಾಮಾನು ಇದ್ಯಾ, ಕಳೆದ 7 ದಿನದಲ್ಲಿ ಯಾರಾದ್ರೂ ಹೊಗಳಿದ್ರಾ, ಆಫೀಸಲ್ಲಿ ಜೀವದ ಗೆಳೆಯ ಇದಾನಾ (ಇದನ್ನ ಓದಿ ನಂಗೆ ನಗು ಬಂತು) ಅಂತೆಲ್ಲ, ಹಾಗಾಗಿ ಉತ್ತರ ನೋಡಿ ಮ್ಯಾನೇಜರ್ ನಾಳೆನೇ ಏನಾದ್ರೂ ಸರಿ ಮಾಡ್ಬೋದು. ಆದ್ರೆ ಕಾಪಿರೈಟ್ ಇದೆ, ಸುಮ್ನೆ ಎತ್ಕೊಂಡು ಬಳಸೋ ಹಾಗಿಲ್ಲ.

ಯುಟ್ರೆಕ್ಟ್ ಸ್ಕೇಲ್ ನೆದರ್ಲೆಂಡ್ಸ್‌ನ ಯುಟ್ರೆಕ್ಟ್ ಯೂನಿವರ್ಸಿಟಿದು, 17 ಪ್ರಶ್ನೆ, ಚಿಕ್ಕದು ಬೇಕಂದ್ರೆ 9. ಹುಮ್ಮಸ್ಸು, ಕೆಲಸದ ಮೇಲಿನ ಪ್ರೀತಿ, ಅದ್ರಲ್ಲಿ ಮುಳುಗಿಹೋಗೋದು ಎಷ್ಟಿದೆ ಅಂತ 0ಯಿಂದ 6ರ ತನಕ ಅಳೆಯತ್ತೆ. ರಿಸರ್ಚ್‌ಗೆ ಫ್ರೀ, ಎಂಬಿಎ ಪ್ರಾಜೆಕ್ಟ್ ಆದ್ರೆ ಕಣ್ಮುಚ್ಕೊಂಡು ಇದೇ ತಗೊಳ್ಳಿ. ಸ್ಟ್ರೆಸ್ ಮಾತ್ರ ಎರಡೂ ನೇರವಾಗಿ ಕೇಳಲ್ಲ, ಅದಕ್ಕೆ ಬೇರೆ ಪ್ರಶ್ನೆ ಸೇರಿಸ್ಬೇಕು.