ಸಿಗ್ನಲ್ ಆಪ್: ನಂಬರ್ ಕೊಡದೆ ಸೀರೆ ಮಾರುವವಳ ವಿಮರ್ಶೆ

ಬಾಗಲಕೋಟೆಯ ನವನಗರದಲ್ಲಿ ಮನೆಯಿಂದಲೇ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುತ್ತೇನೆ. ಅಂಗಡಿ ಇಲ್ಲ, ಬೋರ್ಡ್ ಇಲ್ಲ. ಇರುವುದು ಒಂದು ಫೋನು, ಆ ಫೋನಿನಲ್ಲಿ ಗಿರಾಕಿಗಳು. ವಾಟ್ಸಾಪ್‌ನಂಥದ್ದೇ ಮೆಸೇಜಿಂಗ್ ಆಪ್ ಆದ ಸಿಗ್ನಲ್ ಹಾಕಿಕೊಂಡದ್ದು 2021ರಲ್ಲಿ, ಇವತ್ತಿಗೂ ಬಳಸುತ್ತಿದ್ದೇನೆ. ಈ ಆಪ್ ಬಗ್ಗೆ ಬರೆದವರೆಲ್ಲ ಎನ್‌ಕ್ರಿಪ್ಶನ್ ಎನ್‌ಕ್ರಿಪ್ಶನ್ ಅಂತಲೇ ಹೊಗಳುತ್ತಾರೆ, ಅಂದರೆ ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಓದಲಾಗದ ಹಾಗೆ ಮೆಸೇಜಿಗೆ ಬೀಗ ಹಾಕುವುದು. ನನಗೆ ಇದು ಕೆಲಸಕ್ಕೆ ಬಂದದ್ದು ಬೇರೆ ಕಡೆ. ಗಿರಾಕಿ ಜೊತೆ ಮಾತೂ ಆಗಬೇಕು, ನಂಬರೂ ಹೋಗಬಾರದು, ಅಲ್ಲಿ.

ನಂಬರ್ ಹೊರಗೆ ಬಿದ್ದರೆ ಏನಾಗುತ್ತದೆ ಅನ್ನೋದು ಮನೆಯಿಂದ ವ್ಯಾಪಾರ ಮಾಡುವ ಹೆಂಗಸರಿಗೆ ಹೇಳಬೇಕಾಗಿಲ್ಲ. ಸೀರೆ ಫೋಟೋ ಕೆಳಗೆ ನಂಬರ್ ಹಾಕಿದರೆ ಆ ಫೋಟೋ ಎಲ್ಲೆಲ್ಲಿಗೋ ಫಾರ್ವರ್ಡ್ ಆಗುತ್ತದೆ. ಹಗಲು "ರೇಟ್ ಎಷ್ಟ್ರೀ?" ಅಂತ ಕೇಳಿದವನೇ ರಾತ್ರಿ ಹನ್ನೊಂದಕ್ಕೆ "ಊಟ ಆತೇನ್ರೀ?" ಅಂತಾನೆ. ಬ್ಲಾಕ್ ಮಾಡಿದರೆ ಇನ್ನೊಂದು ನಂಬರಿಂದ ಬರುತ್ತಾನೆ. ಅವೇ ಹತ್ತು ಅಂಕಿಯನ್ನು ಯಾವುದಾದರೂ ಯುಪಿಐ ಆಪ್‌ನಲ್ಲಿ ಹೊಡೆದರೆ ಬ್ಯಾಂಕಿನಲ್ಲಿರುವ ಪೂರ್ತಿ ಹೆಸರು ಬಂದುಬಿಡುತ್ತದೆ. ಹೆಸರು ಗೊತ್ತಾದ ಮೇಲೆ ನವನಗರದಲ್ಲಿ ಮನೆ ಹುಡುಕುವುದು ಕಷ್ಟವಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಭಾಗ ಹೋದಾಗ ಕಟ್ಟಿದ ಊರು ಇದು. ಸೆಕ್ಟರ್, ಪ್ಲಾಟ್ ಅಂತ ಎಲ್ಲಕ್ಕೂ ನಂಬರ್ ಇದೆ. ಪೋಸ್ಟ್‌ಮನ್‌ಗೆ ಎಷ್ಟು ಅನುಕೂಲವೋ ಬೇಡದವರಿಗೂ ಅಷ್ಟೇ ಅನುಕೂಲ.

ಸಿಗ್ನಲ್ ಹಾಕಿಕೊಂಡಾಗ ಇದೆಲ್ಲ ತಲೆಯಲ್ಲಿ ಇರಲಿಲ್ಲ. 2021ರ ಜನವರಿಯಲ್ಲಿ ವಾಟ್ಸಾಪ್ ನಮ್ಮ ಮಾಹಿತಿ ಬಳಸುವ ತನ್ನ ಹೊಸ ಪಾಲಿಸಿಗೆ ಒಪ್ಪಿಕೊಳ್ಳಿ ಅಂತ ಎಲ್ಲರ ಫೋನಿಗೂ ನೋಟೀಸು ಕಳಿಸಿತ್ತಲ್ಲ, ಆಗ ಜನ ಗುಂಪಾಗಿ ಸಿಗ್ನಲ್‌ಗೆ ನುಗ್ಗಿದರು. ಜನವರಿ 15ರಂದು ಆ ನೂಕುನುಗ್ಗಲಿಗೆ ಸಿಗ್ನಲ್ಲೇ ಕುಸಿದು ಕೂತಿತ್ತು. ಸ್ವಲ್ಪ ದಿನದಲ್ಲೇ ನಮ್ಮ ಕಡೆಯವರೆಲ್ಲ ಸುಮ್ನೆ ವಾಟ್ಸಾಪ್‌ಗೆ ವಾಪಸ್. ಅದೇ ಪಾಲಿಸಿ ವಿಚಾರಕ್ಕೆ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ವಾಟ್ಸಾಪ್ ಒಡೆತನದ ಮೆಟಾ ಕಂಪನಿಗೆ 213 ಕೋಟಿ ರೂಪಾಯಿಗೂ ಜಾಸ್ತಿ ದಂಡ ಹಾಕಿತು. ಅಷ್ಟು ಹೊತ್ತಿಗೆ ಆ ಸಿಟ್ಟು ಯಾರಿಗೂ ನೆನಪಿರಲಿಲ್ಲ.

ಎನ್‌ಕ್ರಿಪ್ಶನ್ ಒಂದಕ್ಕೇ ಆದರೆ ವಾಟ್ಸಾಪ್ ಬಿಡುವ ಕಾರಣ ಇಲ್ಲ. 2016ರಿಂದ ಅದರಲ್ಲೂ ಸಿಗ್ನಲ್‌ನವರು ಮಾಡಿದ ಬೀಗದ ವಿಧಾನವೇ (ಪ್ರೋಟೋಕಾಲ್) ಇದೆ. ಮಾತಿನ ಒಳಗೇನಿದೆ ಅಂತ ಎರಡೂ ಕಂಪನಿಗೂ ಕಾಣುವುದಿಲ್ಲ. ಆದರೆ ಯಾರು ಯಾರ ಜೊತೆ, ಎಷ್ಟು ಹೊತ್ತಿಗೆ, ಎಷ್ಟು ಸಲ ಅನ್ನೋ ಲೆಕ್ಕ ಬೇರೆ. ಸಿಗ್ನಲ್ ಆ ಲೆಕ್ಕ ಇಡುವುದೇ ಇಲ್ಲ. 2016ರಲ್ಲಿ ಅಮೆರಿಕದ ವರ್ಜೀನಿಯಾದಿಂದ ಸಮನ್ಸ್ ಬಂದಾಗ ಅವರ ಹತ್ತಿರ ಕೊಡಲು ಇದ್ದದ್ದು ಎರಡೇ ವಿವರ: ಖಾತೆ ತೆರೆದ ಸಮಯ, ಕೊನೆಯ ಸಲ ಕನೆಕ್ಟ್ ಆದ ದಿನ. ಇನ್ನೊಂದು ಮೆಸೇಜಿಂಗ್ ಆಪ್ ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಿಡುವ ಸೌಲಭ್ಯ ಸಿಗ್ನಲ್‌ಗಿಂತ ಮೊದಲೇ ಇತ್ತು, ನಿಜ. ಆದರೆ ಅಲ್ಲಿ 'ಸೀಕ್ರೆಟ್ ಚಾಟ್' ಅಂತ ಬೇರೆಯಾಗಿ ತೆರೆಯದಿದ್ದರೆ ಮಾತೆಲ್ಲ ಕಂಪನಿಯ ಸರ್ವರಿನಲ್ಲೇ ಇರುತ್ತದೆ. ಗ್ರೂಪಿಗಂತೂ ಆ ದಾರಿಯೇ ಇಲ್ಲ. ಹಾಗಾಗಿ ಟೆಲಿಗ್ರಾಂ ಸುರಕ್ಷಿತ ಅನ್ನೋರನ್ನು ಕಂಡರೆ ನನಗೆ ಆಶ್ಚರ್ಯ.

ನನ್ನ ಮಟ್ಟಿಗೆ ಸಿಗ್ನಲ್ ನಿಜವಾಗಿ ಶುರುವಾದದ್ದು 2024ರ ಫೆಬ್ರವರಿಯಲ್ಲಿ, ಯೂಸರ್‌ನೇಮ್ ಬಂದ ಮೇಲೆ. ಅಲ್ಲಿಯವರೆಗೆ ಅದೂ ವಾಟ್ಸಾಪ್ ಹಾಗೆಯೇ, ಮಾತಾಡಬೇಕು ಅಂದರೆ ನಂಬರ್ ಕೊಡಲೇಬೇಕಿತ್ತು. ಈಗ ಒಂದು ಹೆಸರು ಇಟ್ಟುಕೊಳ್ಳಬಹುದು, ಅದರ ಕೊನೆಗೆ ಕನಿಷ್ಠ ಎರಡು ಅಂಕಿ ಬರುತ್ತದೆ. ಆ ಹೆಸರು ಹೊಡೆದರೆ ಅಥವಾ ಅದರ ಕ್ಯೂಆರ್ ಸ್ಕ್ಯಾನ್ ಮಾಡಿದರೆ ನನಗೆ ಮೆಸೇಜ್ ಬರುತ್ತದೆ. ಬಂದ ಕೂಡಲೇ ಮಾತು ಶುರುವಾಗುವುದಿಲ್ಲ. ಒಪ್ಪಲಾ, ಬ್ಲಾಕ್ ಮಾಡಲಾ ಅಂತ ಮೊದಲು ಕೇಳುತ್ತದೆ. ಅವರಿಗೆ ಕಾಣುವುದು ನಾನು ಇಟ್ಟ ಪ್ರೊಫೈಲ್ ಹೆಸರು, ಒಂದು ಖಣದ ಫೋಟೋ. ಅಷ್ಟೇ.

ಹೊಸದಾಗಿ ಹಾಕಿಕೊಳ್ಳುವವರು ಒಂದು ಸೆಟ್ಟಿಂಗ್ ನೋಡಿಕೊಳ್ಳಿ. ಪ್ರೈವಸಿಯ ಒಳಗೆ ಫೋನ್ ನಂಬರ್ ಅನ್ನೋ ಕಡೆ ಎರಡು ಪ್ರಶ್ನೆ ಇರುತ್ತವೆ. ನಿಮ್ಮ ನಂಬರ್ ಯಾರಿಗೆ ಕಾಣಬೇಕು, ನಂಬರ್ ಹಾಕಿ ನಿಮ್ಮನ್ನು ಯಾರು ಹುಡುಕಬಹುದು. ಮೊದಲನೆಯದು ತಾನಾಗೇ 'ಯಾರಿಗೂ ಇಲ್ಲ' ಅಂತ ಇರುತ್ತದೆ. ಎರಡನೆಯದನ್ನು ನಾವೇ ಬದಲಿಸಬೇಕು. ಸುಮಾರು ಜನ ಮೊದಲನೆಯದನ್ನು ನೋಡಿ ಸಮಾಧಾನಪಟ್ಟು ಬಿಟ್ಟುಬಿಡುತ್ತಾರೆ. ನಿಮ್ಮ ನಂಬರನ್ನು ಆಗಲೇ ಸೇವ್ ಮಾಡಿಕೊಂಡವರಿಗೆ ಅದು ಕಾಣುತ್ತಲೇ ಇರುತ್ತದೆ, ಅದಕ್ಕೆ ಔಷಧ ಇಲ್ಲ.

ಪಾರ್ಸಲ್ ಒಳಗೆ ಇಡುವ ಚೀಟಿಯಲ್ಲಿ ಈಗ ನಂಬರ್ ಬದಲು ಆ ಕ್ಯೂಆರ್ ಇದೆ. ಸೀರೆ ಫೋಟೋ ಕೆಳಗೂ ಅದೇ. ತಲೆನೋವು ಜಾಸ್ತಿ ಆದರೆ ಕ್ಯೂಆರ್ ರೀಸೆಟ್ ಮಾಡಿದರಾಯಿತು, ಹಳೆಯದು ನಡೆಯುವುದಿಲ್ಲ. ಈಗಾಗಲೇ ಮಾತಾಡುತ್ತಿರುವ ಗಿರಾಕಿಗಳು ಹಾಗೇ ಇರುತ್ತಾರೆ. ಫೋನ್ ನಂಬರಿಗೆ ಹೀಗೆ ಮಾಡೋಕಾಗುತ್ತಾ? ನಂಬರ್ ಬದಲಿಸಿದರೆ ಬ್ಯಾಂಕು, ಆಧಾರ್, ಗ್ಯಾಸು, ಮಕ್ಕಳ ಶಾಲೆ, ಎಲ್ಲ ಕಡೆ ತಿರುಗಬೇಕು.

ಗಿರಾಕಿಗಳು ಏನಂದರು ಅನ್ನೋದೂ ಹೇಳಬೇಕು. ಬೆಂಗಳೂರು, ಪುಣೆ ಕಡೆಯವರು ಏನೂ ಕೇಳದೆ ಸ್ಕ್ಯಾನ್ ಮಾಡುತ್ತಾರೆ. ನಮ್ಮ ಸುತ್ತಮುತ್ತಲಿನವರಿಗೆ ಅನುಮಾನ. "ಅಕ್ಕಾರ, ನಂಬರ್ ಇಲ್ದ ವ್ಯಾಪಾರ ಹೆಂಗ್ರೀ? ರೊಕ್ಕ ಹಾಕಿದ ಮ್ಯಾಲೆ ನೀವು ಸಿಗಲಿಲ್ಲಂದ್ರ?" ಅಂತ ಮುಧೋಳದ ಒಬ್ಬರು ನೇರವಾಗೇ ಕೇಳಿದರು. ಕೇಳಿದ್ದು ತಪ್ಪಲ್ಲ. ಆನ್‌ಲೈನ್ ಮೋಸ ಇಷ್ಟೊಂದು ಆಗುವಾಗ ಮುಖ ಇಲ್ಲದವರನ್ನು ಯಾಕೆ ನಂಬಬೇಕು? ಅಂಥವರಿಗೆ ಸೀರೆ ಬಿಚ್ಚಿ ವಿಡಿಯೋ ಕಾಲ್‌ನಲ್ಲಿ ತೋರಿಸುತ್ತೇನೆ, ದುಡ್ಡು ಆಮೇಲೆ. ವಿಡಿಯೋ ಚಲೋ ಬರುತ್ತದೆ, ನೆಟ್‌ವರ್ಕ್ ಸರಿ ಇಲ್ಲದಿದ್ದರೆ ಕಮ್ಮಿ ಡೇಟಾದ ಸೆಟ್ಟಿಂಗ್ ಇದೆ. ಆದರೂ ಬರೀ ಒಂದು ಸೀರೆಗಾಗಿ ಹೊಸ ಆಪ್ ಯಾಕೆ ಅಂತ ಬಿಟ್ಟುಹೋಗುವವರು ತುಂಬಾ ಜನ. ಅವರಿಗಾಗಿ ಎರಡನೇ ಸಿಮ್‌ನಲ್ಲಿ ವಾಟ್ಸಾಪ್ ಬಿಸಿನೆಸ್ ಇಟ್ಟಿದ್ದೇನೆ. ಕ್ಯಾಟಲಾಗ್ ವಿಷಯದಲ್ಲಿ ಅದೇ ಮೇಲು. ಸಿಗ್ನಲ್‌ನಲ್ಲಿ ಕ್ಯಾಟಲಾಗೇ ಇಲ್ಲ. ಪ್ರತಿ ಗಿರಾಕಿಗೂ ಫೋಟೋ ಒಂದೊಂದಾಗಿ ಕಳಿಸಬೇಕು.

ನಮ್ಮ ಅತ್ತೆಯವರದು ಬೇರೆ ಪ್ರಶ್ನೆ. "ಇಷ್ಟ್ ಮುಚ್ಚಿಡಾಕ ನೀ ಏನ್ ಕಳುವಿನ ಮಾಲ್ ಮಾರ್ತೀಯೇನ?" ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿದ್ದಾರೆ, ಆ ಕೇಸು ಹಾಕಿದ್ದು ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರು ಅಂತ ಹೇಳಿ ನೋಡಿದೆ. ಕೆಲಸ ಆಗಲಿಲ್ಲ. ರಾತ್ರಿ ಬರುತ್ತಿದ್ದ ಮೆಸೇಜುಗಳನ್ನು ಓದಿ ಹೇಳಿದೆ. ಆಮೇಲೆ ಅವರೇ ನೆರೆಮನೆಯವರಿಗೆ "ನಂಬರ್ ಕೊಡಬ್ಯಾಡ್ರೀ" ಅನ್ನೋಕೆ ಶುರು ಮಾಡಿದರು.

ಈಗ ಆಪ್‌ನಿಂದ ಆಗದೇ ಇರುವುದರ ಮಾತು. ಮೊದಲನೆಯದು, ಖಾತೆ ತೆರೆಯಲು ಇವತ್ತಿಗೂ ಫೋನ್ ನಂಬರ್ ಬೇಕೇ ಬೇಕು. ನಮ್ಮಲ್ಲಿ ಸಿಮ್ ಬೇಕು ಅಂದರೆ ಗುರುತಿನ ಚೀಟಿ ಕೊಡಬೇಕು. ಅಲ್ಲಿಗೆ ಪೂರ್ತಿ ಅನಾಮಧೇಯ ಅನ್ನೋ ಮಾತು ಮುಗಿಯಿತು. ನಾನು ಗಿರಾಕಿಗೆ ಕಾಣದೆ ಇರಬಹುದು, ಸರ್ಕಾರಕ್ಕೆ ಕಾಣದೆ ಇರಲಾರೆ. 2025ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ, ಖಾತೆ ತೆರೆದ ಸಿಮ್ ಫೋನಿನಲ್ಲೇ ಇರಬೇಕು, ಇಲ್ಲದಿದ್ದರೆ ಮೆಸೇಜಿಂಗ್ ಆಪ್ ನಡೆಯಬಾರದು ಅಂತ ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್‌ನಂಥ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಮೋಸ ತಡೆಯುವುದಕ್ಕೆ ಅನ್ನೋದು ಸರ್ಕಾರದ ಕಾರಣ. ಹಳೇ ಸಿಮ್ ತೆಗೆದು ಡಬ್ಬಿಯಲ್ಲಿ ಇಟ್ಟು ಆಪ್ ಮಾತ್ರ ಬಳಸುವ ರೂಢಿ ಇರುವವರು ಇದನ್ನು ಲೆಕ್ಕಕ್ಕೆ ತಗೊಳ್ಳಬೇಕು.

ಎರಡನೆಯದು ಪಾರ್ಸಲ್. ಇಷ್ಟೆಲ್ಲ ಮುಚ್ಚಿಟ್ಟು ಕೊನೆಗೆ ಕೊರಿಯರ್ ಚೀಟಿಯ ಮೇಲೆ ಕಳಿಸುವವರ ನಂಬರ್, ಪಡೆಯುವವರ ನಂಬರ್ ಎರಡೂ ದಪ್ಪ ಅಕ್ಷರದಲ್ಲಿ. ಅದಕ್ಕೇ ಆ ಎರಡನೇ ಸಿಮ್ ಅನ್ನು ಪಾರ್ಸಲ್‌ಗೂ ಕೊಡುತ್ತೇನೆ, ರಾತ್ರಿ ಎಂಟಕ್ಕೆ ಅದನ್ನು ಆಫ್ ಮಾಡುತ್ತೇನೆ. ಯುಪಿಐ ಐಡಿಯಲ್ಲೂ ಮೊದಲು ನಂಬರೇ ಇತ್ತು, ಈಗ ನಂಬರ್ ಇಲ್ಲದ ಐಡಿ ಮಾಡಿಕೊಂಡಿದ್ದೇನೆ. ಇವೆರಡೂ ಮಾಡದೆ ಸಿಗ್ನಲ್ ಒಂದನ್ನೇ ಹಾಕಿಕೊಂಡರೆ ಮುಂದಿನ ಬಾಗಿಲು ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ.

ಮೂರನೆಯದು ಝೆರಾಕ್ಸ್ ಅಂಗಡಿ. ನಮ್ಮ ಕಡೆ ಯಾವ ಕೆಲಸಕ್ಕೂ ಉತಾರ, ಆಧಾರ್, ಪಾಸ್‌ಬುಕ್ ಮೂರು ಬೇಕು. ಅಂಗಡಿಗೆ ಹೋದರೆ "ಈ ನಂಬರಿಗೆ ವಾಟ್ಸಾಪ್ ಮಾಡ್ರೀ" ಅಂತಾರೆ. ಅಲ್ಲಿನ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ಸದಾ ತೆರೆದೇ ಇರುತ್ತದೆ. ಒಂದು ಸಲ ನನ್ನ ಫೈಲ್ ಹುಡುಕುತ್ತಾ ಅಲ್ಲಿದ್ದ ಹುಡುಗ ಮೌಸ್ ತಿರುಗಿಸುತ್ತಾ ಹೋದ. ಯಾರದೋ ಆಧಾರ್, ಯಾರದೋ ಮಾರ್ಕ್ಸ್ ಕಾರ್ಡು, ಯಾರದೋ ಆಸ್ಪತ್ರೆ ರಿಪೋರ್ಟು, ಒಂದು ಮದುವೆಗೆ ಹುಡುಗಿಯ ಬಯೋಡಾಟಾ ಫೋಟೋ ಸಮೇತ. ಹಿಂದೆ ಸಾಲಾಗಿ ನಿಂತವರೆಲ್ಲ ನೋಡುತ್ತಿದ್ದರು. ಇಲ್ಲಿ ಸಿಗ್ನಲ್ ಏನು ಮಾಡೀತು? ಅಂಗಡಿಯಲ್ಲಿ ಅದು ಇಲ್ಲ, ಇದ್ದರೂ ಪ್ರಿಂಟ್ ತೆಗೆಯೋಕೆ ಫೈಲ್ ಇಳಿಸಿಕೊಳ್ಳಲೇಬೇಕಲ್ಲ. ಈಗ ಪೆನ್‌ಡ್ರೈವ್ ಒಯ್ಯುತ್ತೇನೆ. ಪ್ರಿಂಟ್ ಆದ ಮೇಲೆ ಕಂಪ್ಯೂಟರಿನಲ್ಲಿ ಕಾಪಿ ಉಳಿದಿದೆಯಾ ಅಂತ ಕೇಳಿ, ಅಳಿಸಿ, ಬರುತ್ತೇನೆ. ಒಪ್ಪುವ ಕಡೆ ಮಾಸ್ಕ್ ಮಾಡಿದ ಆಧಾರ್ ಕೊಡುತ್ತೇನೆ, ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ. ವಿಜಯಪುರದಲ್ಲಿರುವ ಅಣ್ಣನಿಗೆ ಕಾಗದಪತ್ರ ಕಳಿಸುವಾಗ ಮಾತ್ರ ಸಿಗ್ನಲ್‌ನ 'ಒಂದೇ ಸಲ ನೋಡುವ' ಫೋಟೋ ಉಪಯೋಗಕ್ಕೆ ಬರುತ್ತದೆ.

ತಾನಾಗೇ ಮಾಯವಾಗುವ ಮೆಸೇಜು ನನಗೆ ತುಂಬಾ ಇಷ್ಟ. ಗಿರಾಕಿಗಳ ಮನೆ ವಿಳಾಸ, ಅಳತೆ, ಕೆಲವೊಮ್ಮೆ ಅವರ ಮನೆಯ ಸುದ್ದಿ ಎಲ್ಲ ನನ್ನ ಫೋನಿನಲ್ಲಿ ಇರುತ್ತದೆ. ಅದು ನನ್ನ ಹತ್ತಿರ ಯಾಕೆ ವರ್ಷಗಟ್ಟಲೆ ಬಿದ್ದಿರಬೇಕು? 1 ವಾರಕ್ಕೆ ಇಟ್ಟರೆ ಬಣ್ಣದ ತಕರಾರು ಬಂದಾಗ ತೋರಿಸಲು ಏನೂ ಇರುವುದಿಲ್ಲ. ಹಾಗಾಗಿ 4 ವಾರ ಸರಿ ಅನ್ನಿಸಿದೆ. ಇನ್ನೊಂದು ಕೆಲಸದ ವಸ್ತು ಅಂದರೆ ಮುಖ ಮಸುಕು ಮಾಡುವುದು, 2020ರಲ್ಲಿ ಬಂದದ್ದು. ಖಣದ ಕುಪ್ಪಸ ಹೊಲಿಸಿ ಉಟ್ಟು ಫೋಟೋ ಕಳಿಸುವ ಗಿರಾಕಿಗಳು "ಹಾಕ್ರೀ, ಆದ್ರ ಮಾರಿ ಕಾಣಬಾರದು" ಅಂತಾರೆ. ಫೋಟೋ ಕಳಿಸುವ ಮೊದಲು ಬ್ಲರ್ ಒತ್ತಿದರೆ ಮುಖ ತಾನೇ ಹುಡುಕಿ ಮಸುಕು ಮಾಡುತ್ತದೆ. ಸೆರಗು ತಲೆ ಮೇಲೆ ಹೊದ್ದಿದ್ದರೆ ಕೆಲವೊಮ್ಮೆ ಅದಕ್ಕೆ ಮುಖ ಸಿಗುವುದಿಲ್ಲ, ಬೆರಳಿಂದ ತಿಕ್ಕಬೇಕು. ಹಾಗೆ ಮಾಡಿದ್ದನ್ನು ಸೇವ್ ಮಾಡಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತೇನೆ.

ಗ್ರೂಪುಗಳ ವಿಷಯದಲ್ಲಿ ಯಾವ ಆಪ್ ಆದರೂ ಭರವಸೆ ಬೇಡ. ಸೀರೆ ಮಾರುವ ಹೆಂಗಸರದೇ ಒಂದು ಸಣ್ಣ ಗ್ರೂಪ್ ಸಿಗ್ನಲ್‌ನಲ್ಲಿ ಇತ್ತು. ದುಡ್ಡು ಕೊಡದ ಗಿರಾಕಿಯಿಂದ ಹಿಡಿದು ಗಂಡನ ಕುಡಿತದವರೆಗೆ ಮಾತಾಡುತ್ತಿದ್ದೆವು. ಯಾರೋ ಸ್ಕ್ರೀನ್‌ಶಾಟ್ ತೆಗೆದರು, ಸಂಜೆಯೊಳಗೆ ಅದು ಊರಿನ ವಾಟ್ಸಾಪ್ ಗ್ರೂಪಿನಲ್ಲಿತ್ತು. ಸ್ಕ್ರೀನ್‌ಶಾಟ್ ತಡೆಯುವ ಸೆಟ್ಟಿಂಗ್ ಇದೆ, ಆದರೆ ಅದು ತಡೆಯುವುದು ನಮ್ಮ ಫೋನಿನಲ್ಲಿ ಮಾತ್ರ. 2025ರ ಮಾರ್ಚ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಲಹೆಗಾರ ಮೈಕ್ ವಾಲ್ಟ್ಜ್ ಅವರ ಸಿಗ್ನಲ್ ಗ್ರೂಪಿನಲ್ಲಿ ಯೆಮೆನ್ ದಾಳಿಯ ಮಾತುಕತೆ ನಡೆಯುವಾಗ 'ದಿ ಅಟ್ಲಾಂಟಿಕ್' ಪತ್ರಿಕೆಯ ಸಂಪಾದಕರೇ ಸೇರಿಕೊಂಡಿದ್ದರು. ಯಾರೂ ಬೀಗ ಒಡೆದಿರಲಿಲ್ಲ, ಅವರೇ ಕರೆದು ಕೂರಿಸಿದ್ದರು. ಅಂಥವರ ಗತಿಯೇ ಹಾಗಾದರೆ ನಮ್ಮದೇನು? ಇನ್ನೊಂದು ಎಚ್ಚರ: ಗ್ರೂಪಿಗೆ ಸೇರಿ ಅಂತ ಬರುವ ಕ್ಯೂಆರ್ ಕೆಲವೊಮ್ಮೆ ನಿಮ್ಮ ಖಾತೆಯನ್ನು ಬೇರೆಯವರ ಕಂಪ್ಯೂಟರಿಗೆ ಜೋಡಿಸುವ ಕ್ಯೂಆರ್ ಆಗಿರುತ್ತದೆ. 2025ರ ಫೆಬ್ರವರಿಯಲ್ಲಿ ಗೂಗಲ್‌ನವರು ಇದರ ಬಗ್ಗೆ ಬರೆದಿದ್ದರು. 'ಲಿಂಕ್ ಆದ ಸಾಧನಗಳು' ಅನ್ನೋ ಪಟ್ಟಿಯನ್ನು ಆಗಾಗ ತೆಗೆದು ನೋಡಿ, ನಿಮಗೆ ಗೊತ್ತಿಲ್ಲದ್ದು ಇದ್ದರೆ ತೆಗೆದುಹಾಕಿ.

ದುಡ್ಡಿನ ಮಾತು. ಆಪ್ ಉಚಿತ, ಜಾಹೀರಾತು ಇಲ್ಲ. ನಡೆಸುವುದು ಲಾಭಕ್ಕಾಗಿ ಅಲ್ಲದ ಒಂದು ಫೌಂಡೇಶನ್, 2018ರಲ್ಲಿ ಶುರುವಾದದ್ದು. ವಾಟ್ಸಾಪ್ ಕಟ್ಟಿದವರಲ್ಲಿ ಒಬ್ಬರಾದ ಬ್ರಿಯಾನ್ ಆಕ್ಟನ್ ಅದಕ್ಕೆ 5 ಕೋಟಿ ಡಾಲರ್ ಕೊಟ್ಟಿದ್ದರು. ಹೊಸ ಖಾತೆ ತೆರೆಯುವಾಗ ಬರುವ ಆ ಓಟಿಪಿ ಎಸ್‌ಎಂಎಸ್‌ಗಳಿಗೇ ವರ್ಷಕ್ಕೆ ಸುಮಾರು 60 ಲಕ್ಷ ಡಾಲರ್ ಹೋಗುತ್ತದೆ ಅಂತ 2023ರಲ್ಲಿ ಅವರೇ ಲೆಕ್ಕ ಬಿಚ್ಚಿಟ್ಟಿದ್ದರು. ದೇಣಿಗೆಯ ಮೇಲೆ ನಡೆಯುವ ವಸ್ತು ಎಷ್ಟು ದಿನ ನಡೆದೀತು ಅನ್ನೋ ಅಳುಕು ನನಗಿದೆ. ಸರ್ವರುಗಳೂ ದೊಡ್ಡ ಕಂಪನಿಗಳವೇ. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ಕ್ಲೌಡ್ (ಬಾಡಿಗೆಗೆ ಕೊಡುವ ಸರ್ವರುಗಳು) ಬಿದ್ದಾಗ ಸಿಗ್ನಲ್ಲೂ ಜೊತೆಗೆ ಬಿತ್ತು. ನಮ್ಮಲ್ಲಿ ಅವತ್ತು ದೀಪಾವಳಿ. ಹಬ್ಬದ ವ್ಯಾಪಾರಕ್ಕೆ ಒಂದೇ ಆಪ್ ನಂಬಿಕೊಳ್ಳಬಾರದು ಅನ್ನೋದಕ್ಕೆ ಇಷ್ಟು ಸಾಕು.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಬ್ಯಾಕಪ್‌ಗೆ, ಅಂದರೆ ಮೆಸೇಜುಗಳ ನಕಲು ಉಳಿಸಿಡುವುದಕ್ಕೆ. ಬಹಳ ವರ್ಷ ಆಂಡ್ರಾಯ್ಡ್‌ನಲ್ಲಿ ಬ್ಯಾಕಪ್ ಅಂದರೆ ಫೋನಿನಲ್ಲೇ ಉಳಿಯುವ ಒಂದು ಫೈಲು, ಅದಕ್ಕೆ 30 ಅಂಕಿಯ ಪಾಸ್‌ವರ್ಡು. ಫೋನ್ ಬಾವಿಗೆ ಬಿದ್ದರೆ ಫೈಲೂ ಬಾವಿಗೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಬ್ಯಾಕಪ್ ಬಂದಿದೆ, ಉಚಿತವಾಗಿ ಮೆಸೇಜುಗಳೂ ಹಿಂದಿನ 45 ದಿನದ ಫೋಟೋಗಳೂ ಉಳಿಯುತ್ತವೆ. ಅದರ 64 ಅಕ್ಷರದ ಕೀ ಕಳೆದುಕೊಂಡರೆ ಸಿಗ್ನಲ್‌ನವರಿಗೂ ತೆರೆಯಲು ಬರುವುದಿಲ್ಲ. ಆ ಕೀಯನ್ನು ಫೋನಿನಲ್ಲೇ ಫೋಟೋ ಹೊಡೆದು ಇಟ್ಟುಕೊಳ್ಳಬೇಡಿ, ಕಾಗದದ ಮೇಲೆ ಬರೆಯಿರಿ. ನಾನು ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದು ಮನೆಯ ಟ್ರೆಝರಿಯಲ್ಲಿ (ಕಪಾಟು) ಇಟ್ಟಿದ್ದೇನೆ. ಹಳೇ ಫೋನ್ ಎಕ್ಸ್‌ಚೇಂಜ್‌ಗೆ ಕೊಡುವ ಮೊದಲು ಹೊಸ ಫೋನಿನಲ್ಲಿ ಮೆಸೇಜುಗಳೆಲ್ಲ ಬಂದಿವೆಯಾ ಅಂತ ನೋಡಿಕೊಂಡೇ ಕೊಡಿ.